5 ಟನ್ ಇಒಟಿ ಕ್ರೇನಿನಲ್ಲಿ ಲೋಡ್ ಜಾರುತ್ತಿದೆ: ಬ್ರೇಕ್ ಬದಲಿಸುವುದೋ, ಇಡೀ ಹಾಯ್ಸ್ಟ್ ಬದಲಿಸುವುದೋ?

ಬೈಕಂಪಾಡಿ ಶೆಡ್:
ಎಲ್ಲರಿಗೂ ನಮಸ್ಕಾರ. ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಟ್ಯಾಂಕ್, ಹಾಪರ್, ಸ್ಟ್ರಕ್ಚರಲ್ ಕೆಲಸ ಮಾಡ್ತೇವೆ. ಒಳಗೆ 5 ಟನ್ನಿನ ಸಿಂಗಲ್ ಗರ್ಡರ್ ಇಒಟಿ ಕ್ರೇನ್ ಉಂಟು, ಅಂದರೆ ಶೆಡ್ಡಿನ ಮೇಲ್ಭಾಗದಲ್ಲಿ ಕರೆಂಟಿನಲ್ಲಿ ಓಡುವ ಒಂದೇ ತೊಲೆಯ ಕ್ರೇನ್. ಭಾರ ಎತ್ತಿಳಿಸುವುದು ವೈರ್ ರೋಪ್ ಹಾಯ್ಸ್ಟ್, ನೆಲದಲ್ಲಿ ನಿಂತು ಪೆಂಡೆಂಟಿನಲ್ಲಿ (ಮೇಲಿಂದ ತೂಗುವ ಬಟನ್ ಪೆಟ್ಟಿಗೆ) ಓಡಿಸುವುದು. ಮಳೆ ಹಿಡಿದ ಮೇಲೆ ಒಂದು ತೊಂದರೆ ಶುರುವಾಗಿದೆ. ಲೋಡ್ ಇಳಿಸುವಾಗ ಬಟನ್ ಬಿಟ್ಟರೆ ಅಲ್ಲೇ ನಿಲ್ಲುವುದಿಲ್ಲ, ಹತ್ತಿರ ಹತ್ತಿರ ಒಂದು ಗೇಣು ಜಾರಿ ನಿಲ್ಲುತ್ತದೆ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ.

ಸರ್ವಿಸಿನವರು ಬಂದು ಬ್ರೇಕ್ ಟೈಟ್ ಮಾಡಿ ಹೋದರು. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಈಗ ಅವರು ಹಾಯ್ಸ್ಟ್ ಹಳತಾಯಿತು, ಹೊಸತು ಹಾಕಿಸಿ ಅಂತ ಕೊಟೇಶನ್ ಕಳಿಸಿದ್ದಾರೆ. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಈ ವಾರ ಎರಡು ಟ್ಯಾಂಕ್ ಲೋಡ್ ಆಗಬೇಕು. ಅಲ್ಲಿಯವರೆಗೆ ಅರ್ಧ ಲೋಡಿನಲ್ಲಿ ಓಡಿಸಿದರೆ ಆಗಬಹುದಾ? ಗೊತ್ತಿದ್ದವರು ಹೇಳಿ.

ಹಳೆ ಫಿಟ್ಟರ್, ಪಣಂಬೂರು:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ಬೇಡ ಮಾರಾಯ್ರೆ. ಅರ್ಧ ಲೋಡೂ ಬೇಡ, ಖಾಲಿ ಹುಕ್ಕೂ ಬೇಡ. ಮೈನ್ ಐಸೊಲೇಟರ್ (ಕ್ರೇನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಬೀಗ ಹಾಕಿ, ಕೀಲಿ ನಿಮ್ಮ ಕಿಸೆಯಲ್ಲಿರಲಿ. ಪೆಂಡೆಂಟಿಗೆ ಬೋರ್ಡ್ ಕಟ್ಟಿ. ಟ್ಯಾಂಕ್ ಲೋಡ್ ಮಾಡಲಿಕ್ಕೆ ಹೈಡ್ರಾ (ಚಕ್ರದ ಮೇಲೆ ಓಡಾಡುವ ಕ್ರೇನ್) ಬಾಡಿಗೆಗೆ ತರಿಸಿ. ಆ ಬಾಡಿಗೆ ನಷ್ಟ ಅಂತ ಎಣಿಸಬೇಡಿ. ಕೆಳಗೆ ನಿಲ್ಲುವವರು ನಿಮ್ಮನ್ನು ನಂಬಿ ನಿಲ್ಲುವವರು.

ಇನ್ನು ಬ್ರೇಕಿನ ವಿಷಯ. ಲೋಡ್ ಜಾರುವುದಕ್ಕೆ ಕಾರಣ ಒಂದೇ ಇರುವುದಿಲ್ಲ. ಲೈನಿಂಗ್ ಸವೆದಿರಬಹುದು, ಲೈನಿಂಗಿಗೆ ಎಣ್ಣೆ ತಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು, ಬ್ರೇಕ್ ಪ್ಲೇಟ್ ತುಕ್ಕು ಹಿಡಿದು ಗೈಡ್ ಪಿನ್ನಿನ ಮೇಲೆ ಸಲೀಸಾಗಿ ಸರಿಯದೆ ಇರಬಹುದು, ಕಾಯಿಲಿನ ಕರೆಂಟ್ ತಡವಾಗಿ ಇಳಿಯುತ್ತಿರಬಹುದು. ಒಂದೊಂದಕ್ಕೂ ಲಕ್ಷಣ ಬೇರೆ. ಕವರ್ ಬಿಚ್ಚಿ ನೋಡದೆ ನಟ್ ತಿರುಗಿಸುವುದು ರಿಪೇರಿ ಅಲ್ಲ.

ನಿಮ್ಮದು ಡಿಸಿ ಡಿಸ್ಕ್ ಬ್ರೇಕ್ ಇರಬೇಕು. ಅದರಲ್ಲಿ ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟ್. ಲೈನಿಂಗ್ ಸವೆದ ಹಾಗೆ ಏರ್ ಗ್ಯಾಪ್ (ಕಾಯಿಲಿಗೂ ಬ್ರೇಕ್ ಪ್ಲೇಟಿಗೂ ನಡುವಿನ ಸಂದು) ದೊಡ್ಡದಾಗುತ್ತದೆ. ಒಂದು ಮಿತಿ ದಾಟಿದರೆ ಕಾಯಿಲಿಗೆ ಪ್ಲೇಟನ್ನು ಎಳೆಯಲು ಆಗುವುದೇ ಇಲ್ಲ. ಆಗ ಬ್ರೇಕ್ ಬಿಡದೆ, ಮೋಟರ್ ಬ್ರೇಕಿನ ವಿರುದ್ಧವೇ ತಿರುಗಿ ಬಿಸಿಯಾಗುತ್ತದೆ. ಅಂದರೆ ಬರೀ ಸವೆತದಿಂದ ಜಾರುವುದಕ್ಕಿಂತ ಮೊದಲು ಬೇರೆ ತೊಂದರೆ ಕಾಣಿಸಬೇಕಿತ್ತು. ಗ್ಯಾಪ್ ಎಷ್ಟಿರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುತ್ತಾರೆ. ಫೀಲರ್ ಗೇಜ್ ಹಾಕಿ ಮೂರು ಕಡೆ ಅಳೆಯಬೇಕು, ಒಂದೇ ಕಡೆ ಅಳೆದರೆ ಪ್ಲೇಟ್ ವಾರೆಯಾದದ್ದು ಗೊತ್ತಾಗುವುದಿಲ್ಲ.

ನನಗೆ ಬೇಕಾದ ಮಾಹಿತಿ ಇಷ್ಟು: ಜಾರುವುದು ಇಳಿಸುವಾಗ ಮಾತ್ರವಾ, ಎತ್ತಿ ನಿಲ್ಲಿಸುವಾಗಲೂ ಉಂಟಾ? ಪ್ರತಿ ಸಲ ಒಂದೇ ಅಳತೆಯಾ? ಮೋಟರ್ ಬದಿಯಲ್ಲಿ, ಗೇರ್‌ಬಾಕ್ಸ್ ಕೆಳಗೆ ಎಣ್ಣೆಯ ಪಸೆ ಉಂಟಾ?

ಕಾಪು ವೈರ್‌ಮ್ಯಾನ್:
ಫಿಟ್ಟರ್ ಸರ್ ಕೊನೆಗೆ ಹೇಳಿದ ಕರೆಂಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ಹೆಚ್ಚಿನವರು ಅಲ್ಲಿ ನೋಡುವುದೇ ಇಲ್ಲ.

ಬ್ರೇಕಿನ ಕಾಯಿಲಿಗೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಮೂಲಕ ಡಿಸಿ ಹೋಗುತ್ತದೆ. ರೆಕ್ಟಿಫೈಯರಿಗೆ ಬರುವ ಎಸಿಯನ್ನು ಮಾತ್ರ ಕಡಿದರೆ ಕಾಯಿಲಿನಲ್ಲಿರುವ ಕರೆಂಟ್ ಡಯೋಡಿನ ಮೂಲಕವೇ ಸುತ್ತು ಹಾಕಿ ನಿಧಾನವಾಗಿ ಇಳಿಯುತ್ತದೆ. ಅಷ್ಟು ಹೊತ್ತು ಕಾಯಿಲ್ ಪ್ಲೇಟನ್ನು ಬಿಡುವುದಿಲ್ಲ, ಲೋಡ್ ಇಳಿಯುತ್ತಲೇ ಇರುತ್ತದೆ. ರೆಕ್ಟಿಫೈಯರಿನ ಸಪ್ಲೈಯನ್ನು ಮೋಟರಿನ ಟರ್ಮಿನಲ್ಲಿನಿಂದಲೇ ತೆಗೆದಿದ್ದರೆ ಇನ್ನೂ ಕಷ್ಟ. ಲೋಡ್ ಮೋಟರನ್ನು ತಿರುಗಿಸಿ, ಅದರಲ್ಲಿ ಉಳಿದ ವೋಲ್ಟೇಜ್ ಕಾಯಿಲಿಗೆ ಹೋಗುತ್ತಿರುತ್ತದೆ. ಅದಕ್ಕೇ ಹಾಯ್ಸ್ಟಿನಲ್ಲಿ ಡಿಸಿ ಬದಿಯನ್ನೂ ಒಂದು ಕಾಂಟ್ಯಾಕ್ಟಿನಿಂದ ಕಡಿಯುವುದು. ಆಗ ಬ್ರೇಕ್ ತಕ್ಷಣ ಕೂರುತ್ತದೆ. ಆ ಕಾಂಟ್ಯಾಕ್ಟ್ ಸುಟ್ಟು ಅಂಟಿದ್ದರೆ, ಅಥವಾ ಅದಕ್ಕೆ ಯಾರಾದರೂ ಲೂಪ್ ಹಾಕಿದ್ದರೆ (ಎರಡು ತುದಿಗೂ ವೈರ್ ಜೋಡಿಸಿ ಕಡಿಯದ ಹಾಗೆ ಮಾಡಿದ್ದರೆ), ಬ್ರೇಕ್ ಎಷ್ಟೇ ಹೊಸದಾದರೂ ಲೋಡ್ ಜಾರಿಯೇ ಜಾರುತ್ತದೆ. ಈ ಜಾರುವಿಕೆ ಇಳಿಸುವಾಗಲೇ ಎದ್ದು ಕಾಣುವುದು, ಅದೇ ಲೋಡಿಗೆ ಹೆಚ್ಚುಕಡಿಮೆ ಒಂದೇ ಅಳತೆ.

ಕಾಯಿಲಿನ ವೋಲ್ಟೇಜೂ ನೋಡಿಸಿ. 415 ವೋಲ್ಟಿಗೆ ಹಾಫ್ ವೇವ್ ರೆಕ್ಟಿಫೈಯರ್ ಇದ್ದರೆ ಸುಮಾರು 187 ವೋಲ್ಟ್ ಡಿಸಿ ಬರಬೇಕು. 230 ವೋಲ್ಟಿಗೆ ಹಾಫ್ ವೇವ್ ಆದರೆ 104ರ ಆಸುಪಾಸು. ಕಾಯಿಲಿನ ಮೇಲೆ ಬರೆದದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕಿದ ಹಾಯ್ಸ್ಟಾದರೆ ಬ್ರೇಕಿಗೆ ಬೇರೆಯೇ ಸಪ್ಲೈ ಬೇಕು, ಡ್ರೈವಿನ ಔಟ್‌ಪುಟ್ಟಿನಿಂದ ಕೊಡಬಾರದು.

ಪೀಣ್ಯ ಹಾಯ್ಸ್ಟ್:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಳೆಯ ಹಾಯ್ಸ್ಟಿಗೆ ಸ್ಪೇರ್ ಸಿಗುವುದು ನಿಂತಿದ್ದರೆ ಬದಲಿಸಿ ಎನ್ನುವುದರಲ್ಲಿ ತಪ್ಪಿಲ್ಲ. ನೇಮ್‌ಪ್ಲೇಟಿನಲ್ಲಿ ಡ್ಯೂಟಿ ಕ್ಲಾಸ್ (ಎಷ್ಟು ಕೆಲಸಕ್ಕೆಂದು ಮಾಡಿದ್ದು; ಎಂ ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ಕೆಲಸ) ಏನಿದೆ ನೋಡಿ. ಎಂ3 ಹಾಯ್ಸ್ಟನ್ನು ಎರಡು ಶಿಫ್ಟ್ ಫ್ಯಾಬ್ರಿಕೇಷನ್ನಿಗೆ ಹಾಕಿದ್ದರೆ ಅದು ಆ ಕೆಲಸಕ್ಕೆ ಮಾಡಿದ್ದೇ ಅಲ್ಲ. ಎಂ5 ಆದರೆ ಸಾಮಾನ್ಯವಾಗಿ 40 ಪರ್ಸೆಂಟ್ ಸಿಡಿಎಫ್ (ಒಟ್ಟು ಹೊತ್ತಿನಲ್ಲಿ ಮೋಟರ್ ಓಡಬಹುದಾದ ಪಾಲು), ಗಂಟೆಗೆ 150 ಸ್ಟಾರ್ಟ್ ಎಂದು ಬರೆದಿರುತ್ತಾರೆ. ಆಪರೇಟರ್ ಪ್ಲೇಟ್ ಕೂರಿಸುವಾಗ ಟಕ್ ಟಕ್ ಅಂತ ಬಟನ್ ಒತ್ತುತ್ತಾ ಹೋದರೆ 150 ಸ್ಟಾರ್ಟ್ ಮುಗಿಯಲು ಗಂಟೆ ಬೇಕಿಲ್ಲ. ಕಾಂಟ್ಯಾಕ್ಟರ್ (ಕರೆಂಟ್ ಕೊಟ್ಟು ಕಡಿಯುವ ಸ್ವಿಚ್) ಸುಡುವುದು ಅಲ್ಲೇ.

ಇಲ್ಲಿ ಆರು ತಿಂಗಳಿಗೊಂದು ಸರ್ವಿಸ್ ಮಾಡುತ್ತೇವೆ, ಬ್ರೇಕ್ ಕವರ್ ವರ್ಷಕ್ಕೊಮ್ಮೆ ಬಿಚ್ಚುತ್ತೇವೆ. ಅದರಲ್ಲೇ ಚೆನ್ನಾಗಿ ನಡೆಯುತ್ತಿದೆ.

ಹಳೆ ಫಿಟ್ಟರ್, ಪಣಂಬೂರು:
ಪೀಣ್ಯದವರೇ, ಡ್ಯೂಟಿ ಕ್ಲಾಸಿನ ಮಾತು ಸರಿ, ಒಪ್ಪಿದೆ. ಸರ್ವಿಸಿನ ಲೆಕ್ಕ ಮಾತ್ರ ಕರಾವಳಿಗೆ ಹೊಂದುವುದಿಲ್ಲ. ಬೆಂಗಳೂರಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಮಂಗಳೂರಲ್ಲಿ 3,500ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮೇಲಿಂದ ಬೈಕಂಪಾಡಿ, ಪಣಂಬೂರು, ಸುರತ್ಕಲ್ ಎಲ್ಲ ಕಡಲಿನ ಮಗ್ಗುಲಲ್ಲೇ. ಉಪ್ಪುಗಾಳಿ ಶೆಡ್ಡಿನೊಳಗೆ ಬಂದು ಕೂತಲ್ಲೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತರೂ ಉಪ್ಪು ಕೂತ ಕಬ್ಬಿಣ ಒಣಗುವುದಿಲ್ಲ. ರಾತ್ರಿಯಿಡೀ ನಿಂತ ಬ್ರೇಕ್ ಡಿಸ್ಕಿನ ಮೇಲೆ ಬೆಳಿಗ್ಗೆ ತುಕ್ಕಿನ ಪದರ ಕಾಣುವುದು ಇಲ್ಲಿ ಮಾಮೂಲು.

ಹಾಗಾಗಿ ಇಲ್ಲಿ ದೊಡ್ಡ ಸರ್ವಿಸ್ ಮೇ ತಿಂಗಳಲ್ಲೇ ಆಗಬೇಕು. ಬ್ರೇಕ್ ಬಿಚ್ಚಬೇಕು, ಪ್ಯಾನೆಲ್ಲಿಗೆ ಕೇಬಲ್ ಹೋಗುವ ಗ್ಲ್ಯಾಂಡ್ ಎಲ್ಲ ಮುಚ್ಚಿದೆಯಾ ನೋಡಬೇಕು, ಪ್ಯಾನೆಲ್ ಹೀಟರ್ ಉರಿಯುತ್ತದಾ ನೋಡಬೇಕು. ಗ್ಲ್ಯಾಂಡ್ ತೆರೆದಿದ್ದರೆ ಹಲ್ಲಿ, ಇರುವೆ ಕಾಂಟ್ಯಾಕ್ಟಿನ ಮಧ್ಯೆ ಹೋಗಿ ಸಾಯುತ್ತವೆ, ಕಾಂಟ್ಯಾಕ್ಟರ್ ಪೂರ್ತಿ ಕೂರುವುದಿಲ್ಲ. ಡಿಎಸ್‌ಎಲ್ ಬಾರಿನ (ಓಡುವ ಕ್ರೇನಿಗೆ ಕರೆಂಟ್ ಕೊಡುವ ಪಟ್ಟಿ) ಕಲೆಕ್ಟರ್ ಶೂ ನೋಡಬೇಕು. ಮಳೆಗಾಲ ಪೂರ್ತಿ ತಿಂಗಳಿಗೊಮ್ಮೆ ಬ್ರೇಕಿನ ಕವರ್ ತೆಗೆದು ಕಣ್ಣು ಹಾಯಿಸಬೇಕು. ಬೇಕಾಗಬಹುದಾದ ಬ್ರೇಕ್ ಡಿಸ್ಕ್, ರೆಕ್ಟಿಫೈಯರ್, ಕಾಂಟ್ಯಾಕ್ಟರ್ ಕಿಟ್, ಆಯಿಲ್ ಸೀಲ್ ಇವನ್ನು ಮೇ ಮುಗಿಯುವ ಮೊದಲೇ ಸ್ಟೋರಿನಲ್ಲಿ ಇಟ್ಟುಕೊಳ್ಳಿ. ಸ್ಪೇರ್ ಬರುವುದು ಹೆಚ್ಚಾಗಿ ಬೆಂಗಳೂರಿನಿಂದ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಸ್ಪೇರಿಗಾಗಿ ಕಾಯುತ್ತಾ ಕೂರಬೇಕು. ಆಗಲೇ ಜನ ಲೂಪ್ ಹಾಕಿ ಓಡಿಸುವ ಯೋಚನೆ ಮಾಡುವುದು.

ರೋಪಿನ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ನಮ್ಮ ಕಡೆ ರೋಪಿಗೆ ದಪ್ಪ ಗ್ರೀಸ್ ಮೆತ್ತಿ ಸರ್ವಿಸ್ ಆಯ್ತು ಅಂತಾರೆ. ದಪ್ಪ ಗ್ರೀಸ್ ಮೇಲೇ ಕೂರುತ್ತದೆ, ಒಳಗಿನ ಎಳೆಗಳಿಗೆ ಇಳಿಯುವುದಿಲ್ಲ. ಒಳಗೆ ಸೇರಿದ ತೇವ ಒಳಗೇ ಉಳಿದು, ರೋಪ್ ನಡುವಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಕಡಿದ ತಂತಿಯೂ ಗ್ರೀಸಿನ ಅಡಿಯಲ್ಲಿ ಕಾಣುವುದಿಲ್ಲ. ವೈರ್ ಬ್ರಷ್ಷಿನಲ್ಲಿ ಹಳೆಯ ಗ್ರೀಸ್ ತೆಗೆದು, ಒಳಗೆ ಇಳಿಯುವಂಥ ತೆಳು ರೋಪ್ ಲೂಬ್ರಿಕೆಂಟ್ ಹಾಕಿ. ಆಮೇಲೆ ವರ್ನಿಯರಿನಲ್ಲಿ ಅಳೆಯಿರಿ. ಎದುರುಬದುರು ಸ್ಟ್ರ್ಯಾಂಡುಗಳ ಉಬ್ಬಿನ ಮೇಲೆ ಅಳೆಯಬೇಕು, ತಗ್ಗಿನ ಮೇಲೆ ಅಲ್ಲ. ಐಎಸ್‌ಒ 4309ರ ಪ್ರಕಾರ ಸ್ಟೀಲ್ ಕೋರಿನ ಮಾಮೂಲು ರೋಪ್ ಉದ್ದಕ್ಕೂ ಒಂದೇ ಸಮ ಸಣ್ಣಗಾಗುತ್ತಾ ಶೇ 7.5 ಇಳಿದರೆ ತೆಗೆಯಬೇಕು, ಫೈಬರ್ ಕೋರಿಗೆ ಶೇ 10. 12 ಎಂಎಂ ಸ್ಟೀಲ್ ಕೋರ್ ರೋಪ್ 11.1ಕ್ಕೆ ಬಂತೆಂದರೆ ಅದರ ಆಯುಷ್ಯ ಮುಗಿಯಿತು. ಒಂದೇ ಜಾಗದಲ್ಲಿ ಸಣ್ಣಗಾಗಿದ್ದರೆ, ಒಂದು ಸ್ಟ್ರ್ಯಾಂಡ್ ಪೂರ್ತಿ ಕಡಿದಿದ್ದರೆ, ಕಿಂಕ್ ಬಿದ್ದಿದ್ದರೆ, ಪಂಜರದ ಹಾಗೆ ಉಬ್ಬಿದ್ದರೆ ಅಳತೆಯ ಮಾತೇ ಬೇಡ, ಆ ಕ್ಷಣವೇ ತೆಗೆಯಿರಿ. ಹುಕ್ ಪೂರ್ತಿ ಕೆಳಗೆ ಇಳಿಸಿದಾಗ ಡ್ರಮ್ಮಿನಲ್ಲಿ ಕನಿಷ್ಠ ಎರಡು ಸುತ್ತು ಉಳಿಯಬೇಕು ಎನ್ನುವುದೂ ನೆನಪಿರಲಿ.

ಬೈಕಂಪಾಡಿ ಶೆಡ್:
ತುಂಬಾ ಉಪಕಾರ. ಐಸೊಲೇಟರಿಗೆ ಬೀಗ ಹಾಕಿ ಆಯ್ತು, ಹೈಡ್ರಾ ಹೇಳಿ ಆಯ್ತು. ನಮ್ಮ ಎಲೆಕ್ಟ್ರೀಷಿಯನ್ ಮತ್ತು ಬೇರೆ ಒಬ್ಬ ಹಾಯ್ಸ್ಟ್ ಮೆಕ್ಯಾನಿಕ್ ಸೇರಿ ಬಿಚ್ಚಿದರು. ಕಂಡದ್ದು ಹೀಗೆ.

ಗೇರ್‌ಬಾಕ್ಸಿನ ಆಯಿಲ್ ಸೀಲ್ ಹೋಗಿದೆ. ಎಣ್ಣೆ ಶಾಫ್ಟ್ ಹಿಡಿದುಕೊಂಡು ಬಂದು ಬ್ರೇಕ್ ಡಿಸ್ಕಿಗೆ ಒಂದು ಬದಿ ತಾಗಿದೆ. ಗೈಡ್ ಪಿನ್ನಿನಲ್ಲಿ ತುಕ್ಕು ಉಂಟು. ಪ್ಯಾನೆಲ್ ಬಿಚ್ಚಿದಾಗ ವೈರ್‌ಮ್ಯಾನ್ ಅಣ್ಣ ಹೇಳಿದ್ದೇ ಸಿಕ್ಕಿತು: ಡಿಸಿ ಬದಿಯ ಕಾಂಟ್ಯಾಕ್ಟಿನ ಎರಡು ಟರ್ಮಿನಲ್ಲಿಗೆ ವೈರ್ ತುಂಡಿನ ಲೂಪ್. ಯಾವಾಗ ಯಾರು ಹಾಕಿದರೋ, ರಿಜಿಸ್ಟರಿನಲ್ಲಿ ಒಂದಕ್ಷರ ಇಲ್ಲ. ಆಪರೇಟರನ್ನು ಕೇಳಿದರೆ ಮಳೆಗೆ ಮೊದಲೂ ನಾಲ್ಕು ಬೆರಳು ಜಾರುತ್ತಿತ್ತಂತೆ. ಎಲ್ಲ ಕ್ರೇನೂ ಹೀಗೇ ಅಂತ ಅವನು ಅಂದುಕೊಂಡಿದ್ದ.

ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದು, ಎಮರಿ ಹಾಕಿ ಮತ್ತೆ ಕೂರಿಸಬಹುದು ಅಂತ ಮೆಕ್ಯಾನಿಕ್ ಹೇಳ್ತಾರೆ. ಸರಿಯಾ?

ಹಳೆ ಫಿಟ್ಟರ್, ಪಣಂಬೂರು:
ಸರಿಯಲ್ಲ. ಎಣ್ಣೆ ಕುಡಿದ ಲೈನಿಂಗ್ ಮೇಲೆ ತೊಳೆದರೆ ಒಣಗಿದ ಹಾಗೆ ಕಾಣುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದು ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸ ಡಿಸ್ಕೇ ಹಾಕಬೇಕು. ಅದಕ್ಕೂ ಮೊದಲು ಸೀಲ್. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿಗೆ ಗೀರು ಬಿದ್ದಿದೆಯಾ ಅಂತ ಉಗುರಿನಲ್ಲಿ ಎಳೆದು ನೋಡಿ. ಗೀರು ಇದ್ದರೆ ಹೊಸ ಸೀಲೂ ಬಾಳುವುದಿಲ್ಲ. ಗೇರ್‌ಬಾಕ್ಸಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ತೂತು) ಕಟ್ಟಿಕೊಂಡಿದೆಯಾ ನೋಡಿ. ಅದು ಕಟ್ಟಿದರೆ ಒಳಗೆ ಒತ್ತಡ ಏರಿ ಎಣ್ಣೆ ಸೀಲಿನಲ್ಲೇ ದಾರಿ ಮಾಡಿಕೊಳ್ಳುತ್ತದೆ. ಎಣ್ಣೆ ಲೆವೆಲ್ಲಿಗಿಂತ ಜಾಸ್ತಿ ತುಂಬಿಸಿದ್ದರೂ ಹಾಗೇ. ಗೈಡ್ ಪಿನ್ ತೆಗೆದು ತುಕ್ಕು ಬಿಡಿಸಿ, ಪ್ಲೇಟ್ ಕೈಯಲ್ಲಿ ದೂಡಿದರೆ ಸರಾಗ ಸರಿಯಬೇಕು.

ಹೊಸ ಹಾಯ್ಸ್ಟ್ ಬೇಕಾ ಎನ್ನುವ ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರ ಉಂಟು. ಆ ಪ್ಯಾನೆಲ್ಲಿನ ಲೂಪ್ ಉಳಿದಿದ್ದರೆ ಹೊಸ ಹಾಯ್ಸ್ಟಿನಲ್ಲೂ ಲೋಡ್ ಜಾರುತ್ತಿತ್ತು.

ಕಾಪು ವೈರ್‌ಮ್ಯಾನ್:
ಲೂಪ್ ತೆಗೆದರೆ ಸಾಲದು, ಆ ಕಾಂಟ್ಯಾಕ್ಟರನ್ನೇ ಬದಲಿಸಿ. ಸುಟ್ಟದ್ದಕ್ಕೇ ಅಲ್ವಾ ಲೂಪ್ ಹಾಕಿದ್ದು. ಡಿಸಿ ಕಡಿಯುವಾಗ ಕಿಡಿ ಜೋರು, ಅದಕ್ಕೆ ತಕ್ಕ ರೇಟಿಂಗ್ ಇರಬೇಕು, ಕಿಡಿ ತಗ್ಗಿಸುವ ವೇರಿಸ್ಟರ್ ಕೂಡ ಇರಬೇಕು. ಹಾಗೇ ಅಪ್ ಲಿಮಿಟ್ ಸ್ವಿಚ್ಚಿಗೂ (ಹುಕ್ ತೀರಾ ಮೇಲೆ ಹೋಗದ ಹಾಗೆ ತಡೆಯುವುದು) ಲೂಪ್ ಇದೆಯಾ ನೋಡಿಬಿಡಿ. ಒಂದು ಕಡೆ ಲೂಪ್ ಹಾಕಿದ ಕೈ ಇನ್ನೊಂದು ಕಡೆಯೂ ಹಾಕಿರುತ್ತದೆ. ದಿನಾ ಕೆಲಸ ಶುರು ಮಾಡುವ ಮೊದಲು ಖಾಲಿ ಹುಕ್ಕನ್ನು ನಿಧಾನ ಮೇಲೆ ತಂದು ಲಿಮಿಟ್ ಕಡಿಯುತ್ತದಾ ನೋಡುವುದು ಆಪರೇಟರನ ಮೊದಲ ಕೆಲಸ. ಲೋಡ್ ಹಾಕಿ ಆ ಪರೀಕ್ಷೆ ಮಾಡಬಾರದು.

ಸೇಫ್ಟಿ ಡಿಪ್ಲೊಮಾ, ಉಡುಪಿ:
ರಿಜಿಸ್ಟರಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಹಾಕಿಕೊಟ್ಟ ಕ್ರಮ ಬಹಳ ಸ್ಪಷ್ಟ. ಎತ್ತುವ ಯಂತ್ರ, ಚೈನ್, ರೋಪ್, ಟ್ಯಾಕಲ್ ಎಲ್ಲವನ್ನೂ ಸಕ್ಷಮ ವ್ಯಕ್ತಿಯೊಬ್ಬರು (ಮಾನ್ಯತೆ ಪಡೆದ ಪರೀಕ್ಷಕರು) 12 ತಿಂಗಳಿಗೆ ಒಮ್ಮೆಯಾದರೂ ಪೂರ್ತಿ ಪರೀಕ್ಷಿಸಬೇಕು, ಅದು ರಿಜಿಸ್ಟರಿನಲ್ಲಿ ಇರಬೇಕು. ಸುರಕ್ಷಿತ ಲೋಡ್ ಎಷ್ಟು ಅಂತ ಕಾಣುವ ಹಾಗೆ ಬರೆದಿರಬೇಕು. ಕ್ರೇನಿನ ಚಕ್ರದ ಹಾದಿಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನ್ ಅವರಿಂದ 6 ಮೀಟರ್ ಒಳಗೆ ಬಾರದ ಹಾಗೆ ನೋಡಿಕೊಳ್ಳಬೇಕು. ಗೋಡಂಬಿ ಫ್ಯಾಕ್ಟರಿಗಳಲ್ಲಿ ಇರುವಂಥ ಗೂಡ್ಸ್ ಲಿಫ್ಟಿಗೆ ಅದೇ ಕಾಯ್ದೆಯ 28ನೇ ಸೆಕ್ಷನ್ ಇತ್ತು, ಅದರಲ್ಲಿ ಆರು ತಿಂಗಳು. ಎರಡನ್ನೂ ಕಲಸಬೇಡಿ.

ನಾನು ಹಿಂದೆ ಇದ್ದ ಒಂದು ಕಡೆ ಸರ್ಟಿಫಿಕೇಟ್ ಆಫೀಸಿನ ಮೇಜಿನ ಮೇಲೇ ತಯಾರಾಗುತ್ತಿತ್ತು. ಏಣಿ ಹತ್ತಿ ಹಾಯ್ಸ್ಟ್ ನೋಡಿದವರು ಯಾರೂ ಇಲ್ಲ. ಆ ಕಾಗದ ನಂಬಿ ಕೆಳಗೆ ನಿಂತು ವೆಲ್ಡಿಂಗ್ ಮಾಡುತ್ತಿದ್ದ ಹುಡುಗರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಪರೀಕ್ಷಿಸಲು ಬಂದವರ ಜೊತೆ ನೀವೂ ಹತ್ತಿ. ಅವರು ಬ್ರೇಕ್ ಕವರ್ ಬಿಚ್ಚಿದರಾ, ರೋಪ್ ಅಳೆದರಾ, ಹುಕ್ಕಿನ ಪಂಚ್ ಗುರುತುಗಳ ನಡುವೆ ಅಳತೆ ತೆಗೆದರಾ, ನೋಡಿ. ಬಾಯಿ ಶೇ 10ರಷ್ಟು ಅಗಲವಾದ ಹುಕ್ಕನ್ನು ಬಿಸಿ ಮಾಡಿ ಬಡಿದು ಸರಿಮಾಡುವುದನ್ನೂ ಕಂಡಿದ್ದೇನೆ. ಫೋರ್ಜ್ ಮಾಡಿದ ಹುಕ್ಕಿಗೆ ಬೆಂಕಿ, ವೆಲ್ಡಿಂಗ್ ಎರಡೂ ಮುಟ್ಟಿಸಬಾರದು.

ಧಕ್ಕೆ ಸಿಗ್ನಲ್‌ಮ್ಯಾನ್:
ನಾನು ಮೆಕ್ಯಾನಿಕ್ ಅಲ್ಲ, ಹಡಗಿನ ಕೆಲಸದಲ್ಲಿ ಸಿಗ್ನಲ್ ಕೊಡುವವನು. ಒಂದೆರಡು ಮಾತು. ಬ್ರೇಕ್, ರೋಪ್ ಹಾಳಾಗುವುದರಲ್ಲಿ ಅರ್ಧ ನಾವು ಓಡಿಸುವ ರೀತಿಯಿಂದ. ಶೆಡ್ಡುಗಳಲ್ಲಿ ಮೂಲೆಯಲ್ಲಿರುವ ಪ್ಲೇಟನ್ನು ಹುಕ್ಕಿನಿಂದಲೇ ಅಡ್ಡ ಎಳೆಯುತ್ತಾರೆ. ರೋಪ್ ಡ್ರಮ್ಮಿನ ಗ್ರೂವ್ ಬಿಟ್ಟು ಹಾರುವುದು, ರೋಪ್ ಗೈಡ್ ಒಡೆಯುವುದು ಅದರಿಂದಲೇ. ಹುಕ್ ಲೋಡಿನ ನೆತ್ತಿಗೆ ಬಂದ ಮೇಲೇ ಎತ್ತಬೇಕು.

ಸ್ಲಿಂಗಿನ ಕೋನವನ್ನೂ ನೋಡಿ. ಎರಡು ಕಾಲಿನ ಸ್ಲಿಂಗ್ ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದು ಕಾಲಿಗೆ ಲೋಡಿನ ಶೇ 58ರಷ್ಟು ಭಾರ. 30 ಡಿಗ್ರಿಗೆ ಮಲಗಿದರೆ ಒಂದೊಂದು ಕಾಲಿಗೂ ಪೂರ್ತಿ ಲೋಡಿನಷ್ಟೇ ಭಾರ ಬೀಳುತ್ತದೆ. ಮತ್ತೆ, ಹೇಳುವವನು ಒಬ್ಬನೇ ಇರಬೇಕು. ಒಬ್ಬ ತುಳುವಿನಲ್ಲಿ, ಇನ್ನೊಬ್ಬ ಹಿಂದಿಯಲ್ಲಿ ಕೂಗಿದರೆ ಪೆಂಡೆಂಟ್ ಹಿಡಿದವ ಯಾರ ಮಾತು ಕೇಳಬೇಕು? ನಮ್ಮಲ್ಲಿ ಆರಿಯಾ ಅಂದರೆ ಇಳಿಸು, ಹಾಬೀಸ್ ಅಂದರೆ ಎತ್ತು. ಆದರೂ ಕೈ ಸನ್ನೆ ಇಲ್ಲದೆ ಬರೀ ಕೂಗಿಗೆ ಎತ್ತುವುದಿಲ್ಲ. ‘ನಿಲ್ಲಿಸು’ ಎನ್ನುವುದನ್ನು ಮಾತ್ರ ಯಾರು ಹೇಳಿದರೂ ನಿಲ್ಲಿಸಬೇಕು.

ಬೈಕಂಪಾಡಿ ಶೆಡ್:
ಹೊಸ ಡಿಸ್ಕ್, ಸೀಲ್, ಕಾಂಟ್ಯಾಕ್ಟರ್ ಎಲ್ಲ ಬಂತು, ಕೂರಿಸಿ ಆಯ್ತು. ಬ್ರೀದರ್ ನಿಜವಾಗಿಯೂ ಪೇಂಟಿನಿಂದ ಮುಚ್ಚಿಹೋಗಿತ್ತು. ಅಪ್ ಲಿಮಿಟ್ ಸರಿ ಉಂಟು, ಲೂಪ್ ಇಲ್ಲ. ರೋಪ್ 11.6 ಬಂತು, ಕಡಿದ ತಂತಿ ಕಾಣಲಿಲ್ಲ. ಇನ್ನು ಲೋಡ್ ಟೆಸ್ಟ್. ಸಕ್ಷಮ ವ್ಯಕ್ತಿಯವರಿಗೆ ಹೇಳಿದ್ದೇವೆ. ತೂಕಕ್ಕೆ ಎಂತ ಮಾಡುವುದು?

ಸೇಫ್ಟಿ ಡಿಪ್ಲೊಮಾ, ಉಡುಪಿ:
ಸ್ಟ್ಯಾಟಿಕ್ ಟೆಸ್ಟಿಗೆ 125 ಪರ್ಸೆಂಟ್, ಅಂದರೆ 6.25 ಟನ್. ಓಡಿಸಿ ನೋಡುವ ಡೈನಾಮಿಕ್ ಟೆಸ್ಟಿಗೆ 110 ಪರ್ಸೆಂಟ್, 5.5 ಟನ್. ನಿಮ್ಮಲ್ಲಿ ಪ್ಲೇಟ್ ಇರುತ್ತದಲ್ಲ, ಅದೇ ಒಳ್ಳೆಯ ತೂಕ. ಉಕ್ಕಿನ ಪ್ಲೇಟಿಗೆ ಒಂದು ಚದರ ಮೀಟರಿಗೆ ಪ್ರತಿ ಎಂಎಂ ದಪ್ಪಕ್ಕೆ 7.85 ಕೆಜಿ. 20 ಎಂಎಂ ದಪ್ಪದ 6 ಮೀಟರ್ × 1.25 ಮೀಟರ್ ಪ್ಲೇಟ್ ಒಂದಕ್ಕೆ ಹತ್ತಿರ 1,178 ಕೆಜಿ. ಅಂಥ ಐದು ಪ್ಲೇಟಿನ ಮೇಲೆ ಸುಮಾರು 360 ಕೆಜಿಯ ತುಂಡುಗಳನ್ನು ಸೇರಿಸಿದರೆ ಸರಿಹೋಗುತ್ತದೆ, ಸ್ಲಿಂಗಿನ ತೂಕವೂ ಲೆಕ್ಕಕ್ಕೆ ಬರಲಿ. ವೇಬ್ರಿಜ್ಜಿನ ಚೀಟಿ ಇದ್ದರೆ ಇನ್ನೂ ಒಳ್ಳೆಯದು.

ಸ್ಲಿಂಗ್, ಶಾಕಲ್ ಆ ಭಾರಕ್ಕೆ ಸಾಕಾ ಅಂತ ಮೊದಲೇ ನೋಡಿ. ಶೆಡ್ಡಿನಲ್ಲಿ ಬೇರೆ ಯಾರೂ ಇರಬಾರದು. ನೆಲದಿಂದ 100–200 ಎಂಎಂ ಮಾತ್ರ ಎತ್ತಿ, ಹತ್ತು ನಿಮಿಷ ಹಿಡಿದು, ಕೆಳಗೆ ಸ್ಕೇಲ್ ಇಟ್ಟು ಇಳಿಯುತ್ತದಾ ನೋಡಬೇಕು. ಗರ್ಡರ್ ಎಷ್ಟು ಬಗ್ಗಿತು, ಭಾರ ತೆಗೆದ ಮೇಲೆ ಹಿಂದಿನ ಜಾಗಕ್ಕೆ ಬಂತಾ ಎನ್ನುವುದನ್ನೂ ಬರೆಸಿಕೊಳ್ಳಿ.

ಒಂದು ವಿಷಯ ಮರೆಯಲೇಬಾರದು. ಓವರ್‌ಲೋಡ್ ಲಿಮಿಟರ್ ಇದ್ದರೆ ಅದು ಈ ಟೆಸ್ಟಿಗೆ ಬಿಡುವುದಿಲ್ಲ, ಬೈಪಾಸ್ ಮಾಡಬೇಕಾಗುತ್ತದೆ. ಟೆಸ್ಟ್ ಮುಗಿದ ಕೂಡಲೇ ಬೈಪಾಸ್ ತೆಗೆದು, ಅದು ಮತ್ತೆ ಕಡಿಯುತ್ತದೆ ಅಂತ ಕಣ್ಣಾರೆ ನೋಡಿ, ರಿಜಿಸ್ಟರಿನಲ್ಲಿ ಬರೆದು, ಬೈಪಾಸ್ ತೆಗೆದವರ ಸಹಿ ಹಾಕಿಸಿಕೊಳ್ಳಿ.

ಬೈಕಂಪಾಡಿ ಶೆಡ್:
ಟೆಸ್ಟ್ ಆಯ್ತು. ಹತ್ತು ನಿಮಿಷದಲ್ಲಿ ಸ್ಕೇಲಿನಲ್ಲಿ ಏನೂ ಇಳಿಯಲಿಲ್ಲ. ಇಳಿಸುವಾಗ ಬಟನ್ ಬಿಟ್ಟಲ್ಲೇ ನಿಂತಿತು. ಹೊಸ ಹಾಯ್ಸ್ಟಿನ ಕೊಟೇಶನ್ ಬೇಡ ಅಂತ ಹೇಳಿಬಿಟ್ಟೆವು. ಬರುವ ಮೇ ತಿಂಗಳಿಗೆ ದೊಡ್ಡ ಸರ್ವಿಸ್ ಈಗಲೇ ಬರೆದಿಟ್ಟಿದ್ದೇವೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಮಲ್ಪೆ ಎಂಜಿನ್ ಕೆಲಸ:
ಇದೇ ಜಾಗದಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಬಹುದಾ? ಈಗ ಮೀನುಗಾರಿಕೆಗೆ ರಜೆ, ಜೂನ್ 1ರಿಂದ ಜುಲೈ 31ರವರೆಗೆ ಬೋಟೆಲ್ಲ ದಡದಲ್ಲಿ. ಎಂಜಿನ್ ಇಳಿಸುವ ಕೆಲಸ ಪೂರ್ತಿ ಈ ಎರಡು ತಿಂಗಳಲ್ಲೇ ಆಗಬೇಕು. ನಮ್ಮ ಹತ್ತಿರ 3 ಟನ್ನಿನ ಚೈನ್ ಬ್ಲಾಕ್ ಉಂಟು, ವರ್ಷವಿಡೀ ಯಾರ್ಡಿನಲ್ಲೇ ಇತ್ತು. ಚೈನ್ ಎಳೆಯುವಾಗ ಈಗ ಟಿಕ್ ಟಿಕ್ ಸದ್ದೇ ಇಲ್ಲ. ಒಳಗೆ ಗ್ರೀಸ್ ತುಂಬಿಸಿದರೆ ಸಾಕಾ?

ಹಳೆ ಫಿಟ್ಟರ್, ಪಣಂಬೂರು:
ಗ್ರೀಸ್ ತುಂಬಿಸಲೇಬೇಡಿ. ಎತ್ತುವಾಗ ಆ ಸದ್ದು ಬರುವುದು ಪಾಲ್ ಎಂಬ ತಡೆಕೊಕ್ಕೆ ರ‍್ಯಾಚೆಟ್ ಹಲ್ಲಿನ ಮೇಲೆ ಬೀಳುವುದರಿಂದ. ಲೋಡನ್ನು ಹಿಡಿದಿಡುವುದೇ ಆ ಪಾಲ್ ಮತ್ತು ಫ್ರಿಕ್ಷನ್ ಡಿಸ್ಕ್. ಸದ್ದಿಲ್ಲ ಅಂದರೆ ಪಾಲ್ ತುಕ್ಕು ಹಿಡಿದು ಅಂಟಿದೆ, ಇಲ್ಲವೇ ಅದರ ಸ್ಪ್ರಿಂಗ್ ಮುರಿದಿದೆ. ಎಂಜಿನ್ ತೂಗಿದರೆ ಹಿಡಿಯುವ ಭರವಸೆ ಇಲ್ಲ. ಬದಿಯ ಕವರ್ ಬಿಚ್ಚಿ ಪಾಲ್, ಸ್ಪ್ರಿಂಗ್, ಡಿಸ್ಕ್ ನೋಡಿಸಿ. ಡಿಸ್ಕಿಗೆ ಎಣ್ಣೆ, ಗ್ರೀಸ್ ತಾಗಿಸಬಾರದು ಅಂತ ಹೆಚ್ಚಿನ ಬ್ಲಾಕಿನ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತದೆ. ಎಣ್ಣೆ ಬೇಕಾದದ್ದು ಲೋಡ್ ಚೈನಿಗೆ.

ಚೈನನ್ನು ಬಿಗಿಯಾಗಿ ಹಿಡಿದು ಹನ್ನೊಂದು ಕೊಂಡಿಗಳ ಉದ್ದ ಅಳೆದು ತಯಾರಕರು ಕೊಟ್ಟ ಅಳತೆಗೆ ಹೋಲಿಸಿ. ಮಿತಿ ಸಾಮಾನ್ಯವಾಗಿ ಶೇ 2–3ರ ಒಳಗೆ. ಅದಕ್ಕಿಂತ ಎಳೆದಿದ್ದರೆ ಇಡೀ ಚೈನ್ ಬದಲಿಸಿ. ಒಂದು ಕೊಂಡಿ ಕಡಿದು ವೆಲ್ಡ್ ಹಾಕಿಸುವುದು ಬೇಡ, ಅಂಗಡಿಯ ಮಾಮೂಲು ಚೈನ್ ತಂದು ಸೇರಿಸುವುದೂ ಬೇಡ. ಅದೇ ಅಳತೆಯ, ಲೋಡ್ ಎತ್ತಲಿಕ್ಕೆಂದೇ ಮಾಡಿದ ಗ್ರೇಡ್ 80 ಚೈನ್ ಕೇಳಿ ತನ್ನಿ, ಸರ್ಟಿಫಿಕೇಟ್ ಸಮೇತ. ಆಮೇಲೆ ಬ್ಲಾಕನ್ನು ಯಾರ್ಡಿನಲ್ಲಿ ಬಿಡಬೇಡಿ, ಒರೆಸಿ ಎಣ್ಣೆ ಹಾಕಿ ಒಳಗೆ ತೂಗುಹಾಕಿ.